ಹಿತ್ತಿಲ ಬಾಗಿಲಿಂದ ಬಂದ ದೇವಯ್ಯ

ಚಾಮುಂಡಮ್ಮನ ಅಂಗಡಿಯಲ್ಲಿ ಸಿಗದ ವೇಷವಿಲ್ಲ. ದೇವರು, ರಾಕ್ಷಸ, ಪೊಲೀಸು, ಹುಲಿ, ಬದನೆಕಾಯಿ, ಸ್ವಾತಂತ್ರ್ಯ ಹೋರಾಟಗಾರ, ಎಲ್ಲರೂ ಒಂದೇ ಹಗ್ಗದಲ್ಲಿ ಜಗಳವಿಲ್ಲದೆ ನೇತಾಡುತ್ತಾರೆ. ಜಗಳವೆಲ್ಲ ಬಾಡಿಗೆಗೆ ಬರುವ ತಾಯಂದಿರದು. ಶಾಲೆಗಳ ವಾರ್ಷಿಕೋತ್ಸವ ಬಂತೆಂದರೆ ಚಾಮರಾಜಪುರಂನ ಅರ್ಧ ಹೆಂಗಸರು ಅಲ್ಲಿರುತ್ತಾರೆ. "ಹೋದ ವರ್ಷವೂ ನನ್ನ ಮಗನಿಗೆ ಬದನೆಕಾಯೇ ಕೊಟ್ರಿ, ಈ ಸಲವಾದರೂ ಸಿಪಾಯಿ ಮಾಡಿ" ಎಂದು ಒಬ್ಬಳು ಕೂಗಿದರೆ, ಚಾಮುಂಡಮ್ಮ ಬಾಯಲ್ಲಿ ಕಚ್ಚಿಕೊಂಡ ಪಿನ್ನು ತೆಗೆಯದೆಯೇ, "ಬದ್ನೆಕಾಯ್ಗೇ ಪ್ರೈಜ್ ಬಂದಿದ್ದು ಕಣ್ರೀ, ಮರ್ತ್‌ಬುಟ್ರಾ?" ಎಂದು ಅವಳ ಬಾಯಿ ಮುಚ್ಚಿಸುತ್ತಾಳೆ.

ನಾನು ಪಕ್ಕದ ಮನೆಯ ಶಾರದ. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ಹೇಳಿ ನಿವೃತ್ತಳಾದವಳು. ನಮ್ಮಜ್ಜನ ಕಾಲದಲ್ಲಿ ಅರಮನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದ ಮನೆತನ ನಮ್ಮದು. ಈಗ ಉಗ್ರಾಣ ಹೋಯಿತು, ಜಂಬ ಮಾತ್ರ ಉಳಿಯಿತು, ಅದೂ ಹೆಚ್ಚಿನ ಪಾಲು ನಮ್ಮಕ್ಕ ಚೂಡಾಮಣಿಯ ಹತ್ತಿರ. ಚಾಮುಂಡಮ್ಮನ ಮನೆಯಲ್ಲಿ ಮಸಾಲೆ ಹುರಿದರೆ ಅಕ್ಕ ಕಿಟಕಿ ಮುಚ್ಚುತ್ತಾಳೆ, ನಾನು ತೆರೆಯುತ್ತೇನೆ. ಎರಡು ಮನೆಗಳ ಹಿತ್ತಿಲ ನಡುವಿನ ಗೋಡೆ ಒಂದು ಮಳೆಗಾಲದಲ್ಲಿ ಕುಸಿದು ಆಳು ನುಸುಳುವಷ್ಟು ಗಂಡಿಯಾಯಿತು. ಅದನ್ನು ಮುಚ್ಚಿಸಬೇಕೆಂದು ನನಗೂ ಚಾಮುಂಡಮ್ಮನಿಗೂ ಇಲ್ಲಿಯವರೆಗೆ ಅನ್ನಿಸಿಲ್ಲ.

ಅಂಗಡಿ ಶುರುಮಾಡಿದ್ದು ಅವಳ ಗಂಡ ದೇವಯ್ಯ. ಇಲವಾಲದ ಕಡೆಯ ರೈತರ ಮನೆಯವನು. ಹೊಲಕ್ಕಿಂತ ನಾಟಕದ ಹುಚ್ಚು ಹೆಚ್ಚಾಗಿ, ಹಳ್ಳಿಗಳ ಪೌರಾಣಿಕ ನಾಟಕಕ್ಕೆ ಡ್ರೆಸ್ಸು, ಕಿರೀಟ, ಗದೆ ಬಾಡಿಗೆಗೆ ಕೊಡುತ್ತ ಮೈಸೂರಿಗೆ ಬಂದು ನೆಲೆಸಿದ. ಅವನ ಜೀವವೆಲ್ಲ ಇದ್ದದ್ದು ಒಂದೇ ಬಟ್ಟೆಯಲ್ಲಿ, ಯಮನ ನಿಲುವಂಗಿಯಲ್ಲಿ. ಕಪ್ಪು ವೆಲ್ವೆಟ್ಟು, ಅಂಚಿಗೆ ಬಂಗಾರದ ಬಣ್ಣದ ಜರಿ, ನೆಲ ಗುಡಿಸುವಷ್ಟು ಉದ್ದ. ಯಮನ ಪಾತ್ರದವನು ಕೈಕೊಟ್ಟ ದಿನ ತಾನೇ ಅದನ್ನು ತೊಟ್ಟು ರಂಗಕ್ಕೆ ನುಗ್ಗುತ್ತಿದ್ದ. ಕೈಕೊಡದ ದಿನವೂ ನುಗ್ಗಿದ್ದುಂಟು. ಒಮ್ಮೆ ಒಂದೇ ನಾಟಕದಲ್ಲಿ ಇಬ್ಬರು ಯಮರು ಬಂದು, ಸಾಯಬೇಕಾದವನು ಯಾರ ಹಿಂದೆ ಹೋಗುವುದೆಂದು ತಿಳಿಯದೆ ಎದ್ದು ಕೂತು ಇಬ್ಬರನ್ನೂ ನೋಡುತ್ತಿದ್ದನಂತೆ.

ಅವನಿಗೆ ಇನ್ನೊಂದು ಹುಚ್ಚೂ ಇತ್ತು, ಕುಡಿತದ್ದು. "ನಾಳೆಯಿಂದ ಮುಟ್ಟಲ್ಲ ಕಣಮ್ಮಿ" ಎಂದು ಹೆಂಡತಿಯ ತಲೆ ಮುಟ್ಟಿ ಆಣೆ ಇಡುವುದು, ಮರುದಿನ ರಾತ್ರಿ ಕುಡಿದು, ಅಂಗಡಿಯ ಷಟರ್ ಎತ್ತಿದರೆ ಸದ್ದಾದೀತೆಂದು ನಮ್ಮ ಹಿತ್ತಿಲಿಗೆ ಬಂದು, ಗಂಡಿಯಲ್ಲಿ ನುಸುಳಿ, ತನ್ನ ಮನೆಯ ಹಿಂಬಾಗಿಲಿಂದ ಮೆತ್ತಗೆ ಒಳಗೆ ಹೋಗುವುದು. ಮೆತ್ತಗೆ ಎನ್ನುವುದು ಅವನ ಅಂದಾಜು. ನಮ್ಮ ತುಳಸಿಕಟ್ಟೆಗೆ ಎಡವಿ, ಅದಕ್ಕೇ "ತಪ್ಪಾಯ್ತು ತಾಯಿ" ಎಂದು ಅವನು ಕೈಮುಗಿಯುವುದು ಇಡೀ ಬೀದಿಗೆ ಕೇಳುತ್ತಿತ್ತು.

ಏಳು ವರ್ಷದ ಹಿಂದೆ ಎದೆನೋವು ಬಂದು ಹೋಗಿಬಿಟ್ಟ. ಯಮನ ವೇಷದವನನ್ನು ಯಮನೇ ಕರೆದುಕೊಂಡ ಎಂದು ಬೀದಿಯವರು ಯಾರೋ ತಮಾಷೆ ಮಾಡಿದರು. ನನಗೆ ಮೈ ಉರಿದು ಅವರಿಗೆ ಮಂಗಳಾರತಿ ಮಾಡಿ ಕಳಿಸಿದೆ.

ಅವರ ಮನೆಯಲ್ಲಿ ಪಕ್ಷದ ಹಬ್ಬ ದೊಡ್ಡದು. ಮಹಾಲಯ ಅಮಾವಾಸ್ಯೆಯ ಸುಮಾರಿಗೆ ತೀರಿಕೊಂಡ ಹಿರಿಯರು ಮನೆಗೆ ಉಣ್ಣಲು ಬರುತ್ತಾರಲ್ಲ, ಅದೇ. ನಮ್ಮಲ್ಲಾದರೆ ಎಳ್ಳು, ದರ್ಭೆ, ಪುರೋಹಿತರು, ಕೊನೆಗೆ ಕಾಗೆಯ ದಾರಿ ಕಾಯುವುದು. ಅವರ ಪದ್ಧತಿಯ ಸೊಗಸೇ ಬೇರೆ. ಫೋಟೊಗೆ ಹೂ ಹಾಕಿ, ಮುಂದೆ ಹೊಸ ಪಂಚೆ, ಶರಟು ಇಟ್ಟು, ಸತ್ತವರಿಗೆ ಏನೇನು ಇಷ್ಟವಿತ್ತೋ ಎಲ್ಲವನ್ನೂ ಬಾಳೆ ಎಲೆಯ ತುಂಬ ಬಡಿಸುತ್ತಾರೆ. ಅದಕ್ಕೆ ಎಡೆ ಎನ್ನುತ್ತಾರೆ. ಕಜ್ಜಾಯ, ಮುದ್ದೆ, ಬಾಡಿನ ಸಾರು, ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಒಂದು ಕ್ವಾರ್ಟರ್. ದೇವಯ್ಯನಿಗೆ ಪ್ರಾಣವಾಗಿದ್ದದ್ದು ಕೈಮ ಉಂಡೆ, ಅಂದರೆ ಕೊಚ್ಚಿದ ಮಾಂಸವನ್ನು ಮಸಾಲೆಯ ಜೊತೆ ರುಬ್ಬಿ ಕಟ್ಟಿದ ಉಂಡೆ. ಎಲ್ಲ ಬಡಿಸಿದ ಮೇಲೆ, ಹಿರಿಯರು ಸಂಕೋಚವಿಲ್ಲದೆ ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಕೂರುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗುತ್ತಾರೆ. ಎಲೆಯ ಮೇಲೆ ಏನಾದರೂ ಅಲುಗಿದ್ದರೆ ಹಿರಿಯರು ಬಂದಿದ್ದರು ಎಂದರ್ಥ. ಚಾಮುಂಡಮ್ಮ ಮಾತ್ರ ಹಿಂಬಾಗಿಲನ್ನೂ ಓರೆ ಮಾಡಿ ಇಡುತ್ತಿದ್ದಳು. "ಬದುಕಿದ್ದಾಗ್ಲೇ ಮುಂದ್ಲ ಬಾಗ್ಲಾಗೆ ಬಂದೋರಲ್ಲ, ಈಗ ಬಂದಾರಾ?" ಎನ್ನುವುದು ಅವಳ ವಾದ.

ಮೊದಲ ವರ್ಷ ಒಂದು ಕಜ್ಜಾಯ ಉರುಳಿ ಎಲೆಯಾಚೆ ಬಿದ್ದಿತ್ತು. ಚಾಮುಂಡಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಅತ್ತಳು, ಆಮೇಲೆ "ಕೈ ಜಾರೋ ಚಾಳಿ ಇನ್ನೂ ವೋಗಿಲ್ಲ" ಎಂದು ನಕ್ಕಳು. ಮುಂದಿನ ವರ್ಷಗಳಲ್ಲೂ ಏನಾದರೊಂದು ಅಲುಗಿರುತ್ತಿತ್ತು.

ಈ ನಡುವೆ ನಮ್ಮ ಬೀದಿಗೆ ಹ್ಯಾಲೋವೀನ್ ಬಂತು. ಎಲ್ಲಿಂದ ಎಂದು ಕೇಳಬೇಡಿ, ನಮ್ಮ ಮನೆಯಿಂದಲೇ. ನನ್ನ ಸೊಸೆ ಅನನ್ಯ ಮಕ್ಕಳಿಗೆ ಹೊಸದೇನಾದರೂ ಮಾಡಬೇಕೆಂದು ಅಕ್ಟೋಬರ್ ಕೊನೆಯ ದಿನ ದೆವ್ವದ ಹಬ್ಬ ಹೂಡಿದಳು. ಅದು ಬೆಳೆದು ಬಂದ ಬಗೆಯನ್ನೆಲ್ಲ ನಾನು ಚಾಮುಂಡಮ್ಮನ ಹಗ್ಗದ ಮೇಲೆಯೇ ಕಂಡೆ. ಮೊದಲ ಸಲ ದೆವ್ವದ ಡ್ರೆಸ್ ಕೇಳಲು ಹೋದ ಮಕ್ಕಳಿಗೆ ಆಕೆ ಬಿಳಿ ಸೀರೆ ಉಡಿಸಿ, ಕೂದಲು ಕೆದರಿ, ಗೆಜ್ಜೆ ಕಟ್ಟಿ ಕಳಿಸಿದಳು. ಮಕ್ಕಳು ಅಳುತ್ತ ಬಂದವು. ಅದು ನಮ್ಮೂರ ದೆವ್ವವಂತೆ, ಅವಕ್ಕೆ ಬೇಕಾದದ್ದು ಫಾರಿನ್ ದೆವ್ವವಂತೆ! ಮರುವರ್ಷ ಎಲುಬಿನ ಚಿತ್ರದ ಬನಿಯನ್ನು ಬಂತು. ಆಮೇಲೆ ಕುಂಬಳಕಾಯಿ. ಆಯುಧಪೂಜೆಯ ದಿನ ಬೂದುಗುಂಬಳಕ್ಕೆ ಕುಂಕುಮ ತುಂಬಿ ನಡುಬೀದಿಯಲ್ಲಿ ಒಡೆದು, ಹೋಗುವ ಬರುವ ಸ್ಕೂಟರಿನವರನ್ನೆಲ್ಲ ಜಾರಿಸಿ ಬೀಳಿಸುವ ಊರು ನಮ್ಮದು. ಇಲ್ಲಿ ಸಿಹಿಗುಂಬಳಕ್ಕೆ ಹಲ್ಲು ಕೊರೆದಿಟ್ಟರೆ ಯಾರು ಹೆದರುತ್ತಾರೆ? ಅಕ್ಕ ಚೂಡಾಮಣಿ ಕೊರೆದು ಬಿಸಾಡಿದ ತಿರುಳನ್ನೆಲ್ಲ ಆರಿಸಿ ತಂದು ಹುಳಿ ಮಾಡಿಬಿಟ್ಟಳು.

ಅದರ ಮುಂದಿನ ಸಲ ಕಪ್ಪು ಮೇಲಂಗಿಯೇ ಬೇಕೆಂದು ನನ್ನ ಮೊಮ್ಮಗಳು ಲಹರಿ, ಅವಳ ಗೆಳೆಯ ಗೌತಮ್, ಗೆಳತಿ ಲಾಸ್ಯ ಮೂವರೂ ಹಟ ಹಿಡಿದರು. ಅನನ್ಯ ದುಂಬಾಲು ಬಿದ್ದಳು. ದೇವಯ್ಯ ಹೋದ ಮೇಲೆ ಯಮನ ನಿಲುವಂಗಿಯನ್ನು ಕೇಳಿದವರಿರಲಿಲ್ಲ, ಪೆಟ್ಟಿಗೆಯಲ್ಲಿ ಹುಳ ಹಿಡಿಯುತ್ತಿತ್ತು. "ಉಳ ತಿನ್ನೋದ್ಕಿಂತ ಮಕ್ಳು ಆಕ್ಕೊಳ್ಲಿ" ಎಂದು ಚಾಮುಂಡಮ್ಮ ಕತ್ತರಿ ಹಾಕಿಯೇಬಿಟ್ಟಳು. ಒಬ್ಬ ಯಮನಿಂದ ಮೂವರು ಚಿಲ್ಟಾರಿ ದೆವ್ವಗಳು ಹುಟ್ಟಿದವು. ಬಂಗಾರದ ಜರಿ ಲಹರಿಯ ಪಾಲಿಗೆ ಬಂತು.

ಮರುವರ್ಷದ ಪಕ್ಷಕ್ಕೆ ಬಾಗಿಲು ತೆಗೆದು ನೋಡಿದರೆ ಎಲೆಯ ಮೇಲೆ ಒಂದು ಅಗುಳೂ ಅಲುಗಿರಲಿಲ್ಲ. ಚಾಮುಂಡಮ್ಮ ಅಲ್ಲೇ ಕುಸಿದು ಕೂತಳು.

"ಮುನಿಸ್ಕೊಂಡವ್ರೆ ಕಣಮ್ಮ. ಅವ್ರ ಮೈನೇ ಸೀಳ್ದಂಗೆ ಸೀಳ್‌ಬುಟ್ಟೆ ನಾನು ಆ ಬಟ್ಟೆಯ."

"ಬಟ್ಟೆಗೆಲ್ಲ ಯಾರಾದರೂ ಮುನಿಸಿಕೊಳ್ತಾರಾ?" ಎಂದೆ.

"ನಿಮ್ಗೊತ್ತಿಲ್ಲ. ನನ್ ಮದ್ವೆ ಸೀರೆ ಸುಟ್ಟೋದಾಗ ತಿರುಗಿ ನೋಡ್ಲಿಲ್ಲ ಆ ಮನುಷ್ಯ. ಯಮನ್ ಬಟ್ಟೆ ಮೇಲೆ ಟೀ ಚೆಲ್ದಾಗ ವಾರ ಮಾತಾಡಿರ್ಲಿಲ್ಲ."

ಅಂದಿನಿಂದ ಅವಳಿಗೆ ಅದೊಂದೇ ಕೊರಗು. ಒಂದೇ ಒಂದು ಸಲ ಬಂದು ಉಂಡು ಹೋಗಲಿ, ಕ್ಷಮಿಸಿದ್ದಾನೆಂದು ಗೊತ್ತಾಗಲಿ, ಅಷ್ಟೇ. ಅರ್ಧ ಚಾಮರಾಜಪುರಂನ ಬಾಯಿ ಮುಚ್ಚಿಸುವ ಹೆಂಗಸು, ಹೊಲಿಗೆ ಮಿಶನ್ನಿನ ಮುಂದೆ ಕೂತು, "ಬತ್ತಾರೆ ಅಂತೀರಾ?" ಎಂದು ನನ್ನನ್ನು ಕೇಳುವಾಗ ನನಗೆ ಕರುಳು ಚುರ್ರೆನ್ನುತ್ತಿತ್ತು.

ಹೋದ ವರ್ಷ ಮುಂದಿನ ಪಕ್ಷಕ್ಕಾಗಿ ಕಾದು ಕೂತಿದ್ದಾಗ ಊರಿನಲ್ಲಿ ಅವರ ದಾಯಾದಿ ಮಂಟಯ್ಯ ತೀರಿಕೊಂಡು ಸೂತಕ ಬಂತು. ಎಡೆ ಇಡುವ ಹಾಗಿಲ್ಲ. ಚಾಮುಂಡಮ್ಮ ಸತ್ತ ಮಂಟಯ್ಯನ ಮೇಲೂ ರೇಗಿದಳು. "ಹದಿನೈದ್ ದಿನ ತಡ್ಕೊಳಕಾಗ್ಲಿಲ್ವಾ ಅವ್ನಿಗೆ?" ಪಕ್ಷ ತಪ್ಪಿದರೆ ದೀಪಾವಳಿಯ ಅಮಾವಾಸ್ಯೆಗೆ ಇಡುವುದು ಅವರ ಮನೆಯ ರೂಢಿ. ಹೋದ ವರ್ಷ ಆ ಅಮಾವಾಸ್ಯೆ ಬಂದದ್ದು ಸರಿಯಾಗಿ ಅಕ್ಟೋಬರ್ ಮೂವತ್ತೊಂದರ ಸಂಜೆ. ಅಂದರೆ ಅನನ್ಯಳ ದೆವ್ವದ ಹಬ್ಬದ ದಿನವೇ.

ಅದಕ್ಕೆ ಕೆಲವು ದಿನ ಮೊದಲು ನಾನು ಅಂಗಡಿಯಲ್ಲಿ ಕೂತು ಅವಳಿಗೆ ಆ ಹಬ್ಬದ ಹುಟ್ಟು ಹೇಳಿದ್ದೆ. ಮೇಷ್ಟರ ಚಟ, ಸುಮ್ಮನೆ ಕೂರಲಾಗುವುದಿಲ್ಲ.

"ಐರ್ಲೆಂಡ್ ಅಂತ ಒಂದು ದೇಶ ಚಾಮುಂಡಮ್ಮ. ಅಲ್ಲಿ ಸುಗ್ಗಿ ಮುಗಿದು ಚಳಿ ಶುರುವಾಗೋ ಹೊತ್ತಿಗೆ ಸತ್ತವರು ಮನೆಗೆ ಬರ್ತಾರೆ ಅಂತ ನಂಬಿದ್ದರಂತೆ. ಅವರಿಗೋಸ್ಕರ ಊಟ ಇಡೋರು."

ಮಿಶನ್ನು ನಿಂತಿತು. "ಊಟ ಇಡೋರಾ? ಅಂಗಾರೆ ಅದು ಪಕ್ಷನೇ ಅಲ್ವ್ರಾ?"

"ಸುಮ್ಮನಿರಿ, ಪ್ರಪಂಚದಲ್ಲಿರೋದೆಲ್ಲ ನಮ್ಮದೇ ಅನ್ನಬೇಡಿ. ಕೆಟ್ಟ ದೆವ್ವಗಳು ಗುರುತು ಹಿಡೀದಿರಲಿ ಅಂತ ವೇಷ ಹಾಕ್ಕೊಳ್ಳೋರು. ಗೆಡ್ಡೆ ಕೊರೆದು ದೀಪ ಇಡೋರು. ಅಮೆರಿಕಾಕ್ಕೆ ಹೋದ ಮೇಲೆ ಗೆಡ್ಡೆ ಬಿಟ್ಟು ಕುಂಬಳಕಾಯಿ ಹಿಡಿದರು. ಬರ್ತಾ ಬರ್ತಾ ಸತ್ತವರನ್ನ ಮರೆತರು. ಅವರಿಗೆ ಇಡ್ತಿದ್ದ ಊಟದ ಜಾಗಕ್ಕೆ ಮಿಠಾಯಿ ಬಂತು, ಅದು ಮಕ್ಕಳ ಪಾಲಾಯ್ತು."

"ಸತ್ತೋರ್ ಪಾಲ ಮಕ್ಳು ತಿಂತಾವೆ ಅನ್ನಿ."

"ಹೂಂ."

"ತಿನ್ಲಿ ಬುಡಿ" ಎಂದು ಮಿಶನ್ನು ತುಳಿಯತೊಡಗಿದಳು.

ಆ ಸಂಜೆ ಬೀದಿಯ ತುಂಬ ಪಟಾಕಿ. ಅನನ್ಯ ವಾಟ್ಸಾಪಿನಲ್ಲಿ ಎಲ್ಲರಿಗೂ ತಿಳಿಸಿದ್ದಳು: ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಬರುತ್ತಾರೆ, ಬಾಗಿಲು ತೆರೆದಿಡಿ, ತಿನ್ನಲು ಏನಾದರೂ ಇಟ್ಟಿರಿ, ಅವರೇ ಬಂದು ತೆಗೆದುಕೊಳ್ಳುತ್ತಾರೆ. ಚಾಮುಂಡಮ್ಮ ಆ ಗುಂಪಿನಲ್ಲಿ ಇದ್ದಾಳೆ, ಆದರೆ ಬೆಳಗಿನ ಹೂವಿನ ಚಿತ್ರ ಬಿಟ್ಟು ಬೇರೇನೂ ನೋಡುವವಳಲ್ಲ. ನಾನು ನೋಡಿದ್ದೆ, ಆದರೆ ನನಗೆ ಹೊಳೆಯಲಿಲ್ಲ.

ಒಳಕೋಣೆಯಲ್ಲಿ ಎಡೆ ಇಟ್ಟು, ಹಿಂಬಾಗಿಲು ಓರೆ ಮಾಡಿ, ನಡುಬಾಗಿಲು ಎಳೆದುಕೊಂಡು ಮುಂದಿನ ಅಂಗಡಿಯಲ್ಲಿ ನಾವು ಕೂತೆವು. ಚಾಮುಂಡಮ್ಮ, ಅವಳ ಮಗ ದಿಲೀಪ್, ನಾನು. ಪ್ರತಿವರ್ಷ ಅವಳ ಜೊತೆ ಹೊರಗೆ ಕೂರುವುದು ನನ್ನ ಪಾಲಿನ ಹಬ್ಬ. ತಲೆಯ ಮೇಲೆ ಹುಲಿಯ ಬಾಲ ತೂಗುತ್ತಿತ್ತು.

ಒಳಗೆ ಟಣ್ ಎಂದಿತು.

ಲೋಟದ ಸದ್ದು. ಆಮೇಲೆ ಎಲೆ ಪರಪರ ಎಂದಿತು. ಆಮೇಲೆ, ದೇವರಾಣೆ, ಯಾರೋ ಬಾಯಿ ಚಪ್ಪರಿಸಿದ್ದು ಕೇಳಿಸಿತು. ಚಾಮುಂಡಮ್ಮ ನನ್ನ ಕೈ ಹಿಡಿದಳು, ಬಳೆ ಒಡೆಯುವಷ್ಟು ಬಿಗಿಯಾಗಿ. ಚರಿತ್ರೆ ಪಾಠ ಹೇಳಿದ ನನ್ನ ಧೈರ್ಯ ಎಲ್ಲಿಗೆ ಹೋಯಿತೋ. ದಿಲೀಪ್ ಎದ್ದ.

"ಬೆಕ್ಕಿರ್ಬೇಕು ಕಣವ್ವ, ನೋಡ್ತೀನಿ."

"ಕೂತ್ಕೊ ಸುಮ್ನೆ!" ಎಂದು ಆಕೆ ಪಿಸುಗುಟ್ಟಿದಳು. "ಉಣ್ಲಿ ಬುಡು. ನಿಮ್ಮಪ್ಪಂಗೆ ಉಣ್ಣೋವಾಗ ಮಾತಾಡ್ಸುದ್ರೆ ಸಿಟ್ಟು."

ಸದ್ದು ನಿಂತು ಬಹಳ ಹೊತ್ತಾದ ಮೇಲೆ ಆಕೆ ಕೆಮ್ಮಿದಳು, ಬಾಗಿಲು ತಟ್ಟಿದಳು, ತೆಗೆದಳು. ಕಜ್ಜಾಯದ ಗುಡ್ಡೆ ಕರಗಿತ್ತು. ಕೈಮ ಉಂಡೆ ಒಂದೂ ಇರಲಿಲ್ಲ. ಮುದ್ದೆಯನ್ನು ಯಾರೂ ಮುಟ್ಟಿರಲಿಲ್ಲ, ಬೀಡಿ ಕಟ್ಟು ಇದ್ದ ಹಾಗೇ ಇತ್ತು. ಕ್ವಾರ್ಟರ್ ಬಾಟಲಿಯ ಮುಚ್ಚಳವೂ ಬಿಚ್ಚಿರಲಿಲ್ಲ.

ಚಾಮುಂಡಮ್ಮ ಆ ಬಾಟಲಿಯನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದಳು. ಮುಖ ಅರಳಿತು.

"ಶಾರದಮ್ನೋರೆ! ಕುಡಿಯೋದ ಬುಟ್‌ಬುಟ್ಟವ್ರೆ ಕಣಮ್ಮ!"

ನನಗೆ ನಗು ಬಂತು, ಅಳುವೂ ಬಂತು. ಅಷ್ಟರಲ್ಲಿ ಎಲೆಯ ಪಕ್ಕ ಏನೋ ಮಿನುಗಿತು. ಚಾಮುಂಡಮ್ಮ ಬಗ್ಗಿ ಎತ್ತಿಕೊಂಡಳು. ಬಂಗಾರದ ಬಣ್ಣದ ಜರಿಯ ತುಂಡು. ಅದನ್ನು ಎದೆಗೊತ್ತಿಕೊಂಡು, "ಯಮನ್ ಬಟ್ಟೆ ಆಕ್ಕೊಂಡೇ ಬಂದವ್ರೆ. ಕೋಪ ಇಲ್ಲ ನನ್ ಮೇಲೆ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ದಿಲೀಪನೂ ಕಣ್ಣೊರೆಸಿಕೊಂಡ. ಆ ಜರಿ ಯಾರ ಮೇಲಂಗಿಯಲ್ಲಿತ್ತು ಎನ್ನುವುದು ನನಗೆ ಥಟ್ಟನೆ ನೆನಪಾಯಿತು. ನಾನು ತುಟಿ ಬಿಚ್ಚದೆ ಗಂಡಿಯಲ್ಲಿ ನುಸುಳಿ ಮನೆ ಸೇರಿದೆ.

ಲಹರಿ ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಆಡಿಸುತ್ತ ಕೂತಿದ್ದಳು. ಮೇಲಂಗಿಯ ಅಂಚು ಹರಿದಿತ್ತು. ಅಕ್ಕ ಚೂಡಾಮಣಿ ಪಕ್ಕದಲ್ಲೇ ಮರುದಿನದ ಹಬ್ಬಕ್ಕೆ ಬೇಳೆ ಆರಿಸುತ್ತಿದ್ದಳು.

"ಅಜ್ಜಿ, ಚಾಮುಂಡಿ ಅಜ್ಜಿ ಮನೇದೇ ಬೆಸ್ಟ್ ದೆವ್ವದ ಮನೆ! ಡೆಕೋರೇಶನ್ ಸೂಪರ್. ಸತ್ತೋರ ಫೋಟೊ, ದೀಪ, ಬಾಟಲಿ ಎಲ್ಲ ಇತ್ತು. ಹಿಂದಿನ ಬಾಗಿಲು ತೆಗೆದೇ ಇತ್ತು, ಒಳಗೆ ಹೋಗಿ ತಿಂದ್ವಿ. ಮಿಕ್ಕೋರೆಲ್ಲ ಬರೀ ಚಾಕ್ಲೇಟ್ ಇಟ್ಟಿದ್ರು, ಬೋರು."

"ಏನೇ ತಿಂದೆ?" ಎಂದಳು ಅಕ್ಕ.

"ನುಚ್ಚಿನುಂಡೆ ದೊಡ್ಡಜ್ಜಿ. ನೀನು ಮಾಡೋ ನುಚ್ಚಿನುಂಡೆಗಿಂತ ಚೆನ್ನಾಗಿತ್ತು."

ಅಕ್ಕನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. ಮೈಸೂರಿನಲ್ಲಿ ತನ್ನಂತೆ ಬೇಳೆ ಹದ ಮಾಡಿ ಹಬೆಯಲ್ಲಿ ಬೇಯಿಸಿದ ನುಚ್ಚಿನುಂಡೆ ಮಾಡುವವರಿಲ್ಲವೆಂದು ನಂಬಿಕೊಂಡವಳು ಅವಳು. ಆ ಉಂಡೆ ಯಾವುದೆಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

"ಅವರ ಮನೆಯಲ್ಲಿ ನುಚ್ಚಿನುಂಡೆಯಾ? ಅದಕ್ಕೇನು ಹಾಕುತ್ತಾರಂತೆ?" ಎಂದು ಅಕ್ಕ ನನ್ನನ್ನು ಕೇಳಿದಳು.

"ಚಕ್ಕೆ ಲವಂಗ ಸ್ವಲ್ಪ ಮುಂದು" ಎಂದೆ. ಸುಳ್ಳೇನಲ್ಲವಲ್ಲ.

"ಹಾಗೇ ಅಂದುಕೊಂಡೆ" ಎಂದು ಅಕ್ಕ ಮೂಗು ಮುರಿದಳು. ಮರುವಾರ ಚಕ್ಕೆ ಲವಂಗ ಹಾಕಿ ತಾನೂ ಮಾಡಿದಳು. ಲಹರಿ ಒಂದು ತುತ್ತು ತಿಂದು, "ಆ ರುಚಿ ಬರಲಿಲ್ಲ" ಎಂದಳು. ಅಕ್ಕನಿಗೆ ಇವತ್ತಿಗೂ ಅದರ ಸಂಕಟ ಹೋಗಿಲ್ಲ.

ಚಾಮುಂಡಮ್ಮನಿಗೆ ನಾನು ಹೇಳಲಿಲ್ಲ. ಹೇಗೆ ಹೇಳಲಿ? ಅಂದಿನಿಂದ ಆಕೆ ಬೇರೆ ಹೆಂಗಸೇ ಆದಳು. ಬಾಯಿ ಮೊದಲಿಗಿಂತ ಜೋರಾಯಿತು. ಸಿಕ್ಕಿದವರಿಗೆಲ್ಲ, "ನಮ್ಮೆಜಮಾನ್ರು ಬುಟ್‌ಬುಟ್ಟವ್ರೆ" ಎಂದು ಹೇಳಿಕೊಂಡಳು. ಕೇಳಿದವರು ಯಾವ ಆಸ್ಪತ್ರೆಯಲ್ಲಿ ಬಿಡಿಸಿದಿರಿ ಎಂದು ವಿಚಾರಿಸಿ, ಉತ್ತರ ಕೇಳಿ ಕಂಗಾಲಾದರು. ನಾನು ಒಳಗೊಳಗೇ ಹೆದರುತ್ತಿದ್ದೆ. ಮುಂದಿನ ಪಕ್ಷಕ್ಕೆ ಎಲೆ ಅಲುಗದಿದ್ದರೆ ಇವಳ ಗತಿಯೇನು?

ಈ ವರ್ಷದ ಪಕ್ಷ ಬಂತು. ಹಬ್ಬದ ಹಿಂದಿನ ದಿನ ಚಾಮುಂಡಮ್ಮ ಗಂಡಿಯಲ್ಲಿ ಬಂದು ನಮ್ಮ ತುಳಸಿಕಟ್ಟೆಯ ಮೇಲೆ ಕೂತಳು. ಕೈಯಲ್ಲಿ ಲಹರಿಯ ಮೇಲಂಗಿ, ಜರಿಯ ತುಂಡನ್ನು ಅಂಚಿಗೆ ಮತ್ತೆ ಹೊಲಿದಿದ್ದಳು.

"ನಾಳೆ ಸಂಜೆ ಮಗೀಗೆ ಇದ ಆಕಿ ಕಳ್ಸಿ. ಆ ಇಬ್ರೂನೂವೆ. ಹಿಂದ್ಲ ಬಾಗ್ಲಿಂದ್ಲೇ ಬರ್ಲಿ."

ನಾನು ಆ ಅಂಚನ್ನು ಮುಟ್ಟಿ ನೋಡಿದೆ. "ನಿಮಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ಜರಿ ಹೊಲ್ದೋಳು ನಾನು, ನನ್ ಹೊಲ್ಗೆ ನಂಗ್ ಗೊತ್ತಾಗಲ್ವಾ? ನೆಲದ್ ಮೇಲೆ ಪುಟ್‌ಪುಟ್ಟ ಕಾಲ್ ಗುರ್ತು ಬ್ಯಾರೆ." ಚಾಮುಂಡಮ್ಮ ನಕ್ಕಳು. "ಮೊದ್ಲು ಸಿಟ್ಟು ಬಂತು. ಅಳ್ತಾನೇ ಯೋಚ್ನೆ ಮಾಡ್ದೆ. ಎಲೆ ತುಂಬ ಅಷ್ಟೊಂದಿತ್ತು. ನಮ್ಮೆಜಮಾನ್ರಿಗೆ ಪ್ರಾಣ ಅಂತ ಆ ಮಗೀಗೆ ಏಳ್ಕೊಟ್ಟೋರ್ ಯಾರು, ಸೀದಾ ಉಂಡೆಗೇ ಕೈ ಆಕಕೆ? ಮೈ ಮೇಲೆ ಅವ್ರ್ ಬಟ್ಟೆ, ಬಂದಿದ್ದು ಅವ್ರ್ ಬಾಗ್ಲಲ್ಲಿ. ಇನ್ನೆಂಗೆ ಬತ್ತಾರೆ ಹೇಳಿ ಸತ್ತೋರು?"

ನಾನು ಕಣ್ಣೊರೆಸಿಕೊಂಡೆ.

"ಆದ್ರೆ ನಿಮ್ಮನೆ ಮಗು ನನ್ ಮನೇಲಿ ಬಾಡು ತಿಂದು ಕೆಡೋದು ಬ್ಯಾಡ. ಅದ್ಕೊಂದು ಚಿಕ್ಕೆಲೆ ಬ್ಯಾರೆ ಆಕ್ತೀನಿ. ಚೂಡಾಮಣಿಯಮ್ನೋರ್ಗೆ ಏಳಿ, ನುಚ್ಚಿನುಂಡೆ ಮಾಡ್ಕೊಡಕೆ."

ಅಕ್ಕ ಮಾಡಿಕೊಟ್ಟಳು. ನಮ್ಮ ಮನೆಯ ನುಚ್ಚಿನುಂಡೆ ಪಕ್ಕದ ಮನೆಯವರಿಗೆ ಬೇಕಂತೆ ಎಂದು ಕೇಳಿದ್ದೇ ತಡ, ಕಿಟಕಿ ಮುಚ್ಚುವುದನ್ನೂ ಮರೆತು ಒಲೆ ಹಚ್ಚಿದಳು.

ಮರುದಿನ ಸಂಜೆ ಎಡೆ ಇಡುವಾಗ ನಾನೂ ಒಳಗಿದ್ದೆ. ದೊಡ್ಡ ಎಲೆ, ಪಕ್ಕದಲ್ಲಿ ಚಿಕ್ಕ ಎಲೆ. ಪಂಚೆ, ಶರಟು, ಕಜ್ಜಾಯ, ಕೈಮ ಉಂಡೆ, ಬೀಡಿ ಎಲ್ಲ ಇದ್ದವು. ಹಿತ್ತಿಲ ಗಂಡಿಯ ಆಚೆ ಮೂವರು ಯಮರು ಕಿಸಿಕಿಸಿ ನಗುತ್ತ ಕಾಯುತ್ತಿದ್ದರು. ಎಲೆಯ ಬಲಗಡೆ ಪ್ರತಿಸಲ ಕ್ವಾರ್ಟರ್ ಇಡುತ್ತಿದ್ದ ಜಾಗ ಖಾಲಿ ಇತ್ತು.

"ಬಾಟಲಿ ಮರೆತಿರಿ ಚಾಮುಂಡಮ್ಮ" ಎಂದೆ.

ಆಕೆ ನನ್ನನ್ನು ದುರುಗುಟ್ಟಿ ನೋಡಿದಳು.

"ಬುಟ್ಟವ್ರಲ್ಲ ಕಣಮ್ಮ. ಮತ್ತೆ ಯಾಕೆ ಆಸೆ ತೋರ್ಸೋದು?" ಎಂದು ಹಿಂಬಾಗಿಲನ್ನು ಓರೆ ಮಾಡಿ ಹೊರಗೆ ಬಂದಳು.